ಸೇಡಿನ ಕಥೆಯಲ್ಲಿ ತೂತು ಎಲ್ಲಿದೆ?

ಕೊರಿಯಾದ ಸೇಡಿನ ಸರಣಿ ಯಾವುದೇ ಇರಲಿ, ಮೊದಲು ಕೇಳಿಬರುವ ದೂರು ‘ಲಾಜಿಕ್ ಇಲ್ಲ’ ಎಂಬುದು. ‘ದಿ ಗ್ಲೋರಿ’ಗೂ ಅದು ತಪ್ಪಲಿಲ್ಲ. ಕಿಮ್ ಉನ್‌ಸುಕ್ ಬರೆದು ಆನ್ ಗಿಲ್‌ಹೊ ನಿರ್ದೇಶಿಸಿದ ಈ ಸರಣಿಯ ಹದಿನಾರು ಕಂತುಗಳು ನೆಟ್‌ಫ್ಲಿಕ್ಸ್‌ನಲ್ಲಿ ಎರಡು ಭಾಗವಾಗಿ ಬಂದವು, 2022ರ ಡಿಸೆಂಬರ್ ಕೊನೆಗೆ ಒಂದು, 2023ರ ಮಾರ್ಚ್‌ನಲ್ಲಿ ಇನ್ನೊಂದು. ಶಾಲೆಯಲ್ಲಿ ಐವರು ಸಹಪಾಠಿಗಳು ಕೂದಲಿಗೆ ಬಳಸುವ ಬಿಸಿ ಇಸ್ತ್ರಿಕೋಲಿನಿಂದ ಮೈಯೆಲ್ಲ ಸುಟ್ಟ ಹುಡುಗಿ ಮೂನ್ ದೊಂಗ್‌ಉನ್. ಹದಿನೆಂಟು ವರ್ಷ ಹೊಂಚು ಹಾಕಿ, ಆ ಐವರ ನಾಯಕಿ ಪಾರ್ಕ್ ಯೊನ್‌ಜಿನ್‌ಳ ಮಗಳಿಗೇ ತರಗತಿಯ ಟೀಚರಾಗಿ ಎದುರು ನಿಲ್ಲುತ್ತಾಳೆ. ಇಷ್ಟು ಸಾಕು, ದೂರುಗಳ ಪಟ್ಟಿ ತಾನಾಗಿ ಬೆಳೆಯುತ್ತದೆ. ಕಸದ ಚೀಲ ಕೆದಕಿ ಸಿಕ್ಕ ಗುಟ್ಟಿನಿಂದ ಶಾಲೆಯ ಆಡಳಿತದವರನ್ನೇ ಬಗ್ಗಿಸಿ ಕೆಲಸ ಪಡೆಯಲಾದೀತೇ? ಹಿಂದೊಮ್ಮೆ ಸಾಯಲು ಹೊರಟಾಗ ನದಿಯಲ್ಲಿ ಎದುರಾದ ಮುದುಕಿಯೇ ಈಗ ಮನೆಯ ಒಡತಿಯಾಗಿ ಸಿಗುವುದೇ? ಅದೇ ಗುಂಪಿನ ಹಿಂಸೆಗೆ ಮೊದಲೇ ಬಲಿಯಾದ ಯೂನ್ ಸೊಹೀಯ ಶವ ಇಷ್ಟು ವರ್ಷ ಶವಾಗಾರದ ಶೈತ್ಯದಲ್ಲೇ ಉಳಿದಿರುವುದೇ? ಕಥೆಯ ಮುಂದಿನ ತಿರುವುಗಳನ್ನೂ ಕೊನೆಯನ್ನೂ ಬಿಟ್ಟುಕೊಡದೆ ಈ ವಾರದ ಮಾತು ಸಾಗುವುದಿಲ್ಲ. ಸರಣಿ ನೋಡದವರು ನೋಡಿದ ಮೇಲೆ ಓದುವುದು ಒಳ್ಳೆಯದು.

ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಅವೆಲ್ಲ ‘ಹೇಗೆ’ ಎಂಬ ಒಂದೇ ಜಾತಿಗೆ ಸೇರಿದವು. ಹೇಗೆ ಸಿಕ್ಕಿತು, ಹೇಗೆ ಗೊತ್ತಾಯಿತು, ಹೇಗೆ ತಪ್ಪಿಸಿಕೊಂಡಳು. ಸೇಡಿನ ಕಥೆಗೆ ಇನ್ನೊಂದು ಜಾತಿಯ ತೂತು ಇದೆ, ಅದು ‘ಯಾಕೆ’ ಎಂಬುದು. ಈ ಮನುಷ್ಯ ಈ ಕೆಲಸ ಯಾಕೆ ಮಾಡುತ್ತಾನೆ? ‘ಹೇಗೆ’ಯ ತೂತನ್ನು ಒಳ್ಳೆಯ ನಟನೆ ಮುಚ್ಚಬಲ್ಲದು, ‘ಯಾಕೆ’ಯ ತೂತನ್ನು ಯಾವ ನಟನೆಯೂ ಮುಚ್ಚಲಾರದು ಎಂಬುದು ನನ್ನ ವಾದ. ‘ದಿ ಗ್ಲೋರಿ’ಯಲ್ಲಿ ಎರಡಕ್ಕೂ ಸಾಕ್ಷಿ ಇದೆ, ಅದೂ ಒಂದರ ಪಕ್ಕದಲ್ಲಿ ಇನ್ನೊಂದು.

ತೂತೆಂದು ಕರೆಯುವ ಮೊದಲು ಅದು ನಿಜಕ್ಕೂ ತೂತೇ ಎಂದು ನೋಡಬೇಕು. ಯೊನ್‌ಜಿನ್‌ಳ ಮಗಳಿಗೆ ಕೆಂಪು–ಹಸಿರಿನ ವರ್ಣಾಂಧತೆ ಇದೆ, ಹಳೆಯ ಗುಂಪಿನ ಜೇಜುನ್‌ಗೂ ಇದೆ, ಮಗು ಅವನದೇ ಎಂಬ ಗುಟ್ಟು ಅದರಿಂದಲೇ ಹೊರಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಈ ದೋಷ ಬಲು ಅಪರೂಪ, ಹಾಗಾಗಿ ಇದು ಲೇಖಕಿಯ ಅನುಕೂಲಕ್ಕೆ ಹುಟ್ಟಿದ ಕಾಯಿಲೆ ಎಂದು ಕೆಲವರಿಗೆ ಅನ್ನಿಸಬಹುದು. ವಿಷಯ ತಿರುವುಮುರುವಾಗಿದೆ. ಈ ದೋಷದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹುಡುಗನಿಗೆ ತಾಯಿಯಿಂದ ಬಂದ ಒಂದು ದೋಷಪೂರಿತ ಎಕ್ಸ್ ಸಾಕು, ಹುಡುಗಿಗೆ ತಂದೆಯಿಂದಲೂ ತಾಯಿಯಿಂದಲೂ ಬರಬೇಕು. ತಂದೆಯ ಬಳಿ ಇರುವುದು ಒಂದೇ ಎಕ್ಸ್ ಆದ್ದರಿಂದ ಅವನೂ ವರ್ಣಾಂಧನಾಗಿರಲೇಬೇಕು. ಮಗು ಗಂಡಾಗಿದ್ದರೆ ತಂದೆ ಯಾರೆಂಬುದಕ್ಕೆ ಈ ಸುಳಿವು ಏನನ್ನೂ ಹೇಳುತ್ತಿರಲಿಲ್ಲ. ಹೆಣ್ಣಾಗಿರುವುದರಿಂದಲೇ ಬಣ್ಣ ಸರಿಯಾಗಿ ಕಾಣುವ ಗಂಡ ಹಾ ದೊಯೊಂಗ್ ಪಟ್ಟಿಯಿಂದ ಹೊರಬೀಳುತ್ತಾನೆ. ಯೊನ್‌ಜಿನ್ ತನಗೇ ಗೊತ್ತಿಲ್ಲದೆ ವಾಹಕಿ ಎಂಬುದೊಂದನ್ನು ಒಪ್ಪಿಕೊಂಡರೆ ಮುಗಿಯಿತು. ಚಿತ್ರಕಥೆಯ ಅತ್ಯಂತ ಬಿಗಿಯಾದ ಹೊಲಿಗೆ ಇದು.

ಕಾನೂನಿನ ವಿಷಯವೂ ಹಾಗೆಯೇ. ಇಷ್ಟು ಸಾಕ್ಷ್ಯ ಇಟ್ಟುಕೊಂಡವಳು ನೇರ ನ್ಯಾಯಾಲಯಕ್ಕೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಸರಣಿಯೇ ಉತ್ತರಿಸುತ್ತದೆ: ಶಾಲೆಯಲ್ಲಿ ನಡೆದ ಹಿಂಸೆಗೆ ಮೊಕದ್ದಮೆ ಹೂಡುವ ಕಾಲಮಿತಿ ಮೀರಿಹೋಗಿದೆ. ದಕ್ಷಿಣ ಕೊರಿಯಾ 2015ರಲ್ಲಿ ಕಾಲಮಿತಿಯನ್ನು ತೆಗೆದುಹಾಕಿದ್ದು ಕೊಲೆ ಪ್ರಕರಣಗಳಿಗೆ, ಅದೂ ಆಗ ಅವಧಿ ಮುಗಿಯದೆ ಉಳಿದಿದ್ದವುಗಳಿಗೆ. ಸೊಹೀ ಸತ್ತದ್ದು 2004ರಲ್ಲಿ. ಹಾಗಾಗಿ ದೊಂಗ್‌ಉನ್ ತನ್ನ ಮೈಮೇಲಿನ ಗಾಯಗಳನ್ನು ಬಿಟ್ಟು ಸೊಹೀಯ ಶವದ ಬೆನ್ನು ಹಿಡಿಯುವುದಕ್ಕೆ ಭಾವನೆಯಷ್ಟೇ ಕಾರಣವಲ್ಲ, ಕಾನೂನಿನ ಬಾಗಿಲು ತೆರೆದಿದ್ದದ್ದು ಅಲ್ಲಿ ಮಾತ್ರ. ಇಸ್ತ್ರಿಕೋಲಿನ ಕ್ರೌರ್ಯ ಅತಿಯಾಯಿತು ಎನ್ನುವವರಿಗೂ ಒಂದು ಮಾತು: 2006ರಲ್ಲಿ ಚೊಂಗ್‌ಜು ನಗರದ ಶಾಲಾ ಬಾಲಕಿಯೊಬ್ಬಳ ಮೇಲೆ ಸಹಪಾಠಿಗಳು ಇದನ್ನೇ ಮಾಡಿದ್ದರು.

ಇಷ್ಟಾದ ಮೇಲೂ ಉಳಿಯುವ ನಿಜವಾದ ‘ಹೇಗೆ’ಗಳಿವೆ. ಅವುಗಳಲ್ಲಿ ದೊಡ್ಡದು ಕಾಂಗ್ ಹ್ಯೊನ್‌ನಾಮ್. ದಿನವೂ ಗಂಡನಿಂದ ಹೊಡೆತ ತಿನ್ನುವ ಮನೆಗೆಲಸದ ಹೆಂಗಸು, ಗಂಡನನ್ನು ಕೊಲ್ಲಿಸಿಕೊಡುವಿರಾದರೆ ನಿಮಗಾಗಿ ಏನು ಬೇಕಾದರೂ ಮಾಡುತ್ತೇನೆ ಎನ್ನುತ್ತಾಳೆ. ಕೆಲವೇ ಕಂತುಗಳಲ್ಲಿ ಕಾರು ಓಡಿಸಲು ಕಲಿತು, ಕ್ಯಾಮೆರಾ ಹಿಡಿದು, ನುರಿತ ಗೂಢಚಾರಿಣಿಯಂತೆ ಶ್ರೀಮಂತರ ಬೆನ್ನು ಬೀಳುತ್ತಾಳೆ. ಕಾಗದದ ಮೇಲೆ ಇದು ನಂಬುವ ಮಾತಲ್ಲ. ಆ ಪಾತ್ರದ ನಟಿ ಯೊಮ್ ಹೇರಾನ್ ಅದನ್ನು ನಂಬಿಸುವ ದಾರಿ ನೋಡಿ. ಆಕೆ ಹ್ಯೊನ್‌ನಾಮ್‌ಳಿಗೆ ಜಾಣತನ ಕೊಡುವುದಿಲ್ಲ, ಉತ್ಸಾಹ ಕೊಡುತ್ತಾರೆ. ತಾನು ಹೊಡೆತ ತಿನ್ನುವವಳಾದರೂ ಲವಲವಿಕೆಯವಳು ಎಂದು ಹೇಳಿಕೊಳ್ಳುವಾಗ ಅವಳ ನಗು ಅರ್ಧಕ್ಕೆ ನಿಂತು ಮತ್ತೆ ಹೊರಡುತ್ತದೆ. ಬಹುಕಾಲದ ನಂತರ ಯಾರೋ ತನ್ನನ್ನು ಕೆಲಸಕ್ಕೆ ಬರುವವಳೆಂದು ಎಣಿಸಿದರು ಎಂಬ ಬೆರಗು ಮುಖದಲ್ಲಿ ಕಾಣುವಾಗ, ಇಂಥವಳು ಕಾರು ಕಲಿಯದೆ ಇರುತ್ತಾಳೆಯೇ ಎನ್ನಿಸಿಬಿಡುತ್ತದೆ. ಅವಳ ‘ಯಾಕೆ’ ಅಷ್ಟು ಗಟ್ಟಿ: ಮಗಳನ್ನು ಆ ಮನೆಯಿಂದ ಪಾರು ಮಾಡಬೇಕು. ‘ಹೇಗೆ’ ಎಂದು ಕೇಳುವ ಮನಸ್ಸೇ ನಮಗೆ ಉಳಿಯುವುದಿಲ್ಲ.

ಇಲ್ಲಿ ಕನ್ನಡದ ನೋಡುಗನಿಗೆ ಒಂದು ಅನುಕೂಲವಿದೆ. ಹ್ಯೊನ್‌ನಾಮ್ ದೊಂಗ್‌ಉನ್‌ಳನ್ನು ‘ಸಮೊನಿಮ್’ ಎನ್ನುತ್ತಾಳೆ, ನಮ್ಮ ‘ಅಮ್ಮಾವ್ರೇ’ ಇದ್ದಂತೆ. ದೊಂಗ್‌ಉನ್ ಆಕೆಯನ್ನು ‘ಇಮೊನಿಮ್’ ಎನ್ನುತ್ತಾಳೆ, ಅಂದರೆ ಚಿಕ್ಕಮ್ಮನಿಗೆ ಗೌರವ ಸೇರಿಸಿದ ಮಾತು. ಜೊತೆಗೂಡಿ ಕೊಲೆಯ ಸಂಚು ಹೂಡುತ್ತಿರುವ ಇಬ್ಬರು ಒಮ್ಮೆಯೂ ಏಕವಚನಕ್ಕೆ ಇಳಿಯುವುದಿಲ್ಲ. ದೊಂಗ್‌ಉನ್ ಏಕವಚನ ಬಳಸುವುದು ಶತ್ರುಗಳೊಂದಿಗೆ. ಸರಣಿಯ ಉದ್ದಕ್ಕೂ ಹಿನ್ನೆಲೆಯಲ್ಲಿ ಕೇಳುವ ಅವಳ ದನಿ ‘ಯೊನ್‌ಜಿನಾ’ ಎಂದು ಕರೆಯುತ್ತದೆ. ಹೆಸರಿನ ಕೊನೆಗೆ ಎಳೆಯುವ ಈ ‘ಆ’ಕಾರ ನಾವು ‘ರಂಗಾ’ ಎಂದು ಕೂಗುವಷ್ಟೇ ಸಲಿಗೆಯದು, ಗೆಳತಿಗೆ ಬರೆದ ಕಾಗದದ ಒಕ್ಕಣೆಯಂಥದು. ‘ನೀನು’ವಿಗೂ ‘ನೀವು’ವಿಗೂ ಇರುವ ದೂರವನ್ನು ಇಂಗ್ಲಿಷ್ ಅಡಿಬರಹ ಅಳಿಸಿಹಾಕುತ್ತದೆ, ಕಿವಿಗೊಟ್ಟರೆ ನಮಗೆ ಅದು ಸಿಗುತ್ತದೆ. ಹಿಂದೆ ಹಿಂಸೆ ನಡೆದ ಅದೇ ಸಭಾಂಗಣದಲ್ಲಿ ಯೊನ್‌ಜಿನ್‌ಗೆ ಸನ್ಮಾನ ನಡೆಯುವಾಗ ದೊಂಗ್‌ಉನ್ ಎದ್ದು ಚಪ್ಪಾಳೆ ತಟ್ಟಿ ಹೆಸರು ಹಿಡಿದು ಭೇಷ್ ಎನ್ನುತ್ತಾಳಲ್ಲ, ಆ ದೃಶ್ಯ ಮೈ ನಡುಗಿಸುವುದು ಈ ಸಲಿಗೆಯಿಂದಲೇ.

ದೊಂಗ್‌ಉನ್ ಆಗಿ ಸಾಂಗ್ ಹೇಕ್ಯೊ ಇಡೀ ಸರಣಿಯಲ್ಲಿ ಒಂದೇ ಮುಖ ಹೊತ್ತಿದ್ದಾರೆ ಎಂಬ ಆಕ್ಷೇಪ ಉಂಟು. ಒಪ್ಪುವುದು ಕಷ್ಟ. ಪ್ರೇಮಕಥೆಗಳಲ್ಲಿ ಕಣ್ಣೀರಿನಿಂದಲೇ ಹೆಸರು ಮಾಡಿದ ನಟಿ ಇಲ್ಲಿ ಅಳುವನ್ನು ಬಚ್ಚಿಟ್ಟುಕೊಂಡಿದ್ದಾರೆ. ಅದನ್ನು ಯಾವಾಗ ಖರ್ಚು ಮಾಡುತ್ತಾರೆ ಎಂಬುದನ್ನು ನೋಡಬೇಕು. ಹಿಂದೆ ಹಣ ತೆಗೆದುಕೊಂಡು ಮಗಳ ನೋವಿನ ಮೇಲೆ ಸಹಿ ಹಾಕಿದ್ದ ತಾಯಿ, ಕುಡಿದ ಅಮಲಿನಲ್ಲಿ ಮಗಳ ಮನೆಗೇ ಬಂದು ಒಲೆ ಹಚ್ಚಿ ಮಾಂಸ ಸುಡುತ್ತಾಳೆ. ಚರ್ಮ ಸುಟ್ಟ ಸದ್ದು ಕೇಳಿ ಬಲ್ಲವಳಿಗೆ ಅದು ಏನು ಸದ್ದು! ಹಲವು ಕಂತು ಅಲುಗದ ಮುಖ ಅಲ್ಲಿ ಒಡೆದುಹೋಗುತ್ತದೆ. ಮುಂಚೆ ಅಷ್ಟು ಕಾಲ ಬಿಗಿಹಿಡಿಯದಿದ್ದರೆ ಈ ಒಡೆತಕ್ಕೆ ತೂಕ ಬರುತ್ತಿರಲಿಲ್ಲ.

ಹೆಚ್ಚು ತೂಕದ ಇನ್ನೊಂದು ಆಕ್ಷೇಪ: ನಾಯಕಿ ಏನೂ ಮಾಡಬೇಕಿಲ್ಲ, ಶತ್ರುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತಾರೆ, ಇದು ಲೇಖಕಿಯ ಸುಲಭದ ದಾರಿ. ಆದರೆ ಆ ಐವರ ನಡುವಿನ ವರ್ಗದ ಗೆರೆ ಮೊದಲ ಕಂತಿನಿಂದಲೇ ಇದೆ. ಯೊನ್‌ಜಿನ್, ಜೇಜುನ್, ಸಾರಾ ಹಣವಂತರ ಮಕ್ಕಳು. ಹೇಜೊಂಗ್ ಬಟ್ಟೆ ಒಗೆಯುವ ಅಂಗಡಿಯವರ ಮಗಳು, ಮ್ಯೊಂಗ್‌ಓ ಅವರಿಗೆಲ್ಲ ಚಾಕರಿ ಮಾಡುವವನು. ಗೆಳೆತನದ ಹೆಸರಿನಲ್ಲಿ ದಿನವೂ ಅವಮಾನ ನುಂಗುತ್ತಿದ್ದ ಕೆಳಗಿನ ಇಬ್ಬರು ಮೇಲಿನ ಮೂವರ ಮೇಲೆ ತಿರುಗಿಬೀಳಲು ದೊಂಗ್‌ಉನ್ ಒಂದು ಕಡ್ಡಿ ಗೀರಿದರೆ ಸಾಕಾಗಿತ್ತು. ಹೇಜೊಂಗ್ ಆಗಿ ಚಾ ಜೂಯಂಗ್ ತೋರುವ, ಮೇಲೇರಬೇಕೆಂಬ ಆ ಹಸಿವು ಒಣಹುಲ್ಲಿನಂತೆ ಮೊದಲೇ ಬಿದ್ದಿದೆ. ಈ ಜಗಳದ ‘ಯಾಕೆ’ಯಲ್ಲಿ ಎಲ್ಲೂ ಕೊರತೆಯಿಲ್ಲ.

‘ಯಾಕೆ’ಯ ಕೊರತೆ ಇರುವುದು ಜೂ ಯೊಜೊಂಗ್‌ನಲ್ಲಿ. ಆಸ್ಪತ್ರೆಯ ಒಡೆಯರ ಮಗ, ಸೌಮ್ಯ ವೈದ್ಯ, ದೊಂಗ್‌ಉನ್‌ಗೆ ಗೋ ಆಟ ಕಲಿಸಿದವನು. ತನಗೆ ಬೇಕಾಗಿರುವುದು ರಾಜಕುಮಾರನಲ್ಲ, ಕತ್ತಿ ಹಿಡಿದು ಕುಣಿಯುವ ತಲೆಕಡಿಯುವವನು ಎಂದು ಅವಳು ಹೇಳುತ್ತಾಳೆ. ಗಾಯ ನೋಡಿದ ಕೂಡಲೇ ಅವನು ಆ ಕೆಲಸ ಒಪ್ಪಿಕೊಳ್ಳುತ್ತಾನೆ. ಅವನ ತಂದೆಯನ್ನು ಕೊಂದವನು ಜೈಲಿನಿಂದ ಪತ್ರ ಬರೆದು ಕೆಣಕುತ್ತಿದ್ದಾನೆ ಎಂಬ ಹಿನ್ನೆಲೆ ಇದೆ, ನಿಜ. ಆದರೆ ಆ ಸಿಟ್ಟು ಅವನ ಸ್ವಂತದ್ದು, ಅದು ದೊಂಗ್‌ಉನ್‌ಳ ಸಿಟ್ಟಾಗಿ ಮಾರ್ಪಡುವ ಗಳಿಗೆ ಚಿತ್ರಕಥೆಯಲ್ಲಿಲ್ಲ. ಯೊಜೊಂಗ್ ಆಗಿರುವ ಲೀ ದೊಹ್ಯುನ್ ಸಾಮಾನ್ಯ ನಟರಲ್ಲ. ಹುಡುಗತನದ ನಗು ಇದ್ದಕ್ಕಿದ್ದಂತೆ ಕಣ್ಣಿನಿಂದ ಜಾರಿಹೋಗುವುದನ್ನು ಅವರು ಹಲವು ಬಾರಿ ತೋರುತ್ತಾರೆ, ಪ್ರತಿಬಾರಿಯೂ ಚೆನ್ನಾಗಿಯೇ ತೋರುತ್ತಾರೆ. ಆದರೂ ಆ ಪಾತ್ರ ಕಥೆಗೆ ಆಸ್ಪತ್ರೆ ಬೇಕಾದಾಗ ಆಸ್ಪತ್ರೆ, ಹಣ ಬೇಕಾದಾಗ ಹಣ ಒದಗಿಸುವ ಉಗ್ರಾಣದಂತೆ ಕಾಣುತ್ತದೆ. ಅವನ ಸೇಡನ್ನು ಕೊನೆಯ ಕಂತಿನ ಬಾಲಕ್ಕೆ ಕಟ್ಟಿರುವುದೂ ಅದೇ ರೋಗ. ಕೆಲಸ ಮುಗಿಸಿ ಮಹಡಿಯಿಂದ ಜಿಗಿಯಲು ನಿಂತ ದೊಂಗ್‌ಉನ್‌ಳನ್ನು ಅವನ ತಾಯಿ ಮಗನ ಹೆಸರು ಹೇಳಿ ತಡೆಯುತ್ತಾಳೆ, ಜೋಡಿ ಇನ್ನೊಂದು ಜೈಲಿನ ಕಡೆ ನಡೆಯುತ್ತದೆ. ಹದಿನೆಂಟು ವರ್ಷದ ಒಂಟಿತನದ ಕೊನೆಗೆ ಸಿಕ್ಕಬೇಕಿದ್ದ ಮೌನವನ್ನು ಅದು ಕಿತ್ತುಕೊಂಡಿತು.

ನಟನೆ ಚೆನ್ನಾಗಿದೆ ಎಂದು ಲೇಖಕರ ತಪ್ಪು ಮನ್ನಿಸುವುದು ಸಡಿಲ ವಿಮರ್ಶೆ ಎನ್ನಬಹುದು. ಅದಕ್ಕೆ ಪಾರ್ಕ್ ಚಾನ್‌ವೂಕ್ 2003ರಲ್ಲಿ ಮಾಡಿದ ‘ಓಲ್ಡ್‌ಬಾಯ್’ ಉತ್ತರ ಕೊಡುತ್ತದೆ. ಹದಿನೈದು ವರ್ಷ ಖಾಸಗಿ ಸೆರೆ, ಬೇಕಾದಂತೆ ಕೆಲಸ ಮಾಡುವ ಸಂಮೋಹನ, ಎಲ್ಲವೂ ಅಸಾಧ್ಯ. ಒಂದೇ ಶಾಲೆಯಲ್ಲಿ ಓದಿದ ಇಬ್ಬರಲ್ಲಿ ಸೆರೆಯಲ್ಲಿದ್ದವನ ಪಾತ್ರ ವಹಿಸಿದ ಚೋಯ್ ಮಿನ್‌ಶಿಕ್ ಹುಟ್ಟಿದ್ದು 1962ರಲ್ಲಿ, ಸೆರೆ ಹಾಕಿಸಿದವನ ಪಾತ್ರದ ಯೂ ಜಿತೆ 1976ರಲ್ಲಿ. ಹದಿನಾಲ್ಕು ವರ್ಷದ ಅಂತರ ಪರದೆಯ ಮೇಲೆ ಎದ್ದು ಕಾಣುತ್ತದೆ. ಆದರೂ ಅದು ದೋಷವಾಗಿ ಕಾಡುವುದಿಲ್ಲ. ಅಕ್ಕನ ಸಾವಿನ ದಿನಕ್ಕೇ ಅಂಟಿಕೊಂಡವನ ಮುಖಕ್ಕೆ ವಯಸ್ಸಾಗಿಲ್ಲ, ಸೆರೆಯಲ್ಲಿದ್ದವನಿಗೆ ಎರಡು ಪಾಲು ಆಗಿದೆ ಎಂದು ನಾವೇ ಅರ್ಥ ಹಚ್ಚಿಕೊಳ್ಳುತ್ತೇವೆ. ಹಾಗೆ ಹಚ್ಚಿಕೊಳ್ಳಲು ಇಂಬು ಕೊಡುವುದು ಲೇಖಕರೇ ಕಟ್ಟಿದ ‘ಯಾಕೆ’. ಅದೂ ಬರವಣಿಗೆಯ ಕೆಲಸ, ನಟರು ಅದರ ಮೇಲೆ ನಿಲ್ಲುತ್ತಾರೆ.

ಕೊರಿಯಾದ 2023ರ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ ಟೆಲಿವಿಷನ್ ವಿಭಾಗದ ಶ್ರೇಷ್ಠ ನಟಿ ಸಾಂಗ್ ಹೇಕ್ಯೊ, ಶ್ರೇಷ್ಠ ಪೋಷಕ ನಟಿ ಲಿಮ್ ಜಿಯೊನ್. ಯೊನ್‌ಜಿನ್ ಆಗಿ ಲಿಮ್ ಜಿಯೊನ್ ಮಾಡಿದ್ದು ಪೋಷಕ ಪಾತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮ್ಯೊಂಗ್‌ಓ ಕೊಲೆಯ ಪ್ರಕರಣದಲ್ಲಿ ಒಂದು ಗಂಟು ಉಳಿದುಬಿಟ್ಟಿದೆ: ಬಾಟಲಿಯಿಂದ ಮೊದಲು ಹೊಡೆದವಳು ಯೊನ್‌ಜಿನ್, ಕೊನೆಯ ಏಟು ಹಾಕಿದವಳು ಅದೇ ಗುಂಪಿನ ಇನ್ನೊಬ್ಬ ಬಲಿಪಶು ಗ್ಯೊಂಗ್‌ರಾನ್, ಶಿಕ್ಷೆ ಮಾತ್ರ ಯೊನ್‌ಜಿನ್ ಒಬ್ಬಳಿಗೆ. ತನಿಖೆ ಇದನ್ನು ಹೇಗೆ ಕಾಣದೆ ಹೋಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಜೈಲಿನ ದೃಶ್ಯ ಬರುತ್ತದೆ. ಟಿವಿಯಲ್ಲಿ ಹವಾಮಾನ ವರದಿ ಓದುತ್ತಿದ್ದವಳನ್ನು ಸಹಕೈದಿಗಳು ನಿಲ್ಲಿಸಿ ನಾಳೆಯ ಹವಾಮಾನ ಹೇಳು ಎನ್ನುತ್ತಾರೆ. ಲಿಮ್ ಜಿಯೊನ್ ಅಳುತ್ತಲೇ ಹೇಳುತ್ತಾರೆ, ವೃತ್ತಿಯ ಆ ಸ್ಪಷ್ಟ ಉಚ್ಚಾರ ಮಾತ್ರ ಕೆಡುವುದಿಲ್ಲ. ದನಿ ನಡುಗುತ್ತದೆ, ಮುಖ ಕುಸಿಯುತ್ತದೆ, ಕೈ ಮಾತ್ರ ಅಲ್ಲಿಲ್ಲದ ಭೂಪಟದ ಮೇಲೆ ಅಭ್ಯಾಸದಂತೆ ಚಲಿಸುತ್ತಲೇ ಇರುತ್ತದೆ.