ಕೃತಕವರ್ಣ, ಪ್ರೋಟೀನು ಮತ್ತು ‘ಪ್ರಕ್ಷೇಪ’ ಶಬ್ದ

ದ್ರಾವಣದಲ್ಲಿ ಕರಗಿದ್ದ ವಸ್ತುವು ಘನರೂಪವನ್ನು ತಾಳಿ ತಳಕ್ಕಿಳಿಯುವುದನ್ನು ಕನ್ನಡದ ರಸಾಯನಗ್ರಂಥಗಳಲ್ಲಿ ‘ಪ್ರಕ್ಷೇಪ’ವೆಂದು ವ್ಯವಹರಿಸುವುದುಂಟು. ಈ ಶಬ್ದವು ವಿಚಾರಾರ್ಹವಾದುದು. ವೈದ್ಯರಲ್ಲಿ ಪ್ರಕ್ಷೇಪವೆಂದರೆ ಕಷಾಯಕ್ಕೆ ಮೇಲಿನಿಂದ ಸೇರಿಸುವ ಚೂರ್ಣಾದಿಗಳು; ಗ್ರಂಥಸಂಪಾದಕರಲ್ಲಿ, ಕವಿಯದಲ್ಲದ ಪದ್ಯವನ್ನು ಕಾವ್ಯದೊಳಗೆ ತುರುಕಿದುದು. ಎರಡೆಡೆಯಲ್ಲಿಯೂ ಹೊರಗಿನಿಂದ ಹಾಕಿದುದೆಂಬುದೇ ಅರ್ಥ. ಕೃತಕವರ್ಣಗಳು ಪ್ರೋಟೀನನ್ನು ತಳಕ್ಕಿಳಿಸುವ ಬಗೆಯನ್ನು ನೋಡಿದರೆ ಈ ಅರ್ಥವು ಎಷ್ಟು ದಾರಿತಪ್ಪಿಸತಕ್ಕುದೆಂಬುದು ಸ್ಪಷ್ಟವಾಗುತ್ತದೆ.

1771ರಲ್ಲಿ ಪೀಟರ್ ವುಲ್ಫನು ನೀಲಿಯನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ಪಿಕ್ರಿಕ್ ಆಮ್ಲವು ರೇಷ್ಮೆಗೆ ಹಳದಿಯ ಬಣ್ಣವನ್ನು ಕೊಡುತ್ತದೆ. ಅದನ್ನೇ ಮುಂದಿನ ಶತಮಾನದಲ್ಲಿ ಎಸ್‌ಬಾಕನು ಮೂತ್ರದೊಳಗಣ ಆಲ್ಬುಮಿನನ್ನು ತಳಕ್ಕಿಳಿಸಿ ಅಳೆಯಲು ಬಳಸಿದನು. ನೂಲಿಗೆ ಬಣ್ಣ ಹಿಡಿಯುವುದೂ ಕೊಳವೆಯಲ್ಲಿ ಗಷ್ಟು ಕೂಡುವುದೂ ಮೂಲತಃ ಒಂದೇ ವ್ಯಾಪಾರ. ರೇಷ್ಮೆಯೂ ಪ್ರೋಟೀನೇ, ಆದರೆ ಅದು ಮೊದಲೇ ಘನವಾಗಿರುವುದರಿಂದ ಇಳಿಯಬೇಕಾದುದಿಲ್ಲ.

ಆಮ್ಲೀಯ ದ್ರವದಲ್ಲಿ ಪ್ರೋಟೀನಿನ ಲೈಸೀನ್, ಆರ್ಜಿನೀನ್, ಹಿಸ್ಟಿಡೀನ್ ಎಂಬ ಅವಯವಗಳು ಧನವಿದ್ಯುತ್ತನ್ನು ಧರಿಸುತ್ತವೆ. ಸಜಾತೀಯ ವಿದ್ಯುತ್ತಿನ ವಿಕರ್ಷಣದಿಂದ ಅಣುಗಳು ಒಂದನ್ನೊಂದು ದೂರವಿಟ್ಟು ನೀರಿನಲ್ಲಿ ನಿಂತಿರುತ್ತವೆ. ಆರೆಂಜ್ ಜಿ ಮೊದಲಾದ ವರ್ಣಗಳ ಸಲ್ಫೋನೇಟು ಭಾಗವಾದರೋ ಋಣವಿದ್ಯುತ್ತುಳ್ಳದು. ಅದು ಆ ಅವಯವಗಳನ್ನು ಹಿಡಿಯುತ್ತಲೇ ವಿಕರ್ಷಣವು ಕುಂದುತ್ತದೆ. ವರ್ಣದ ನೀರೊಲ್ಲದ ಭಾಗವೂ ಸಹಾಯಮಾಡಿ ಅಣುಗಳು ಗುಂಪುಗೂಡಿ ಇಳಿಯುತ್ತವೆ. ಹೀಗೆ ಬದ್ಧವಾದ ವರ್ಣವು ಪ್ರೋಟೀನಿನ ಕ್ಷಾರೀಯ ಅವಯವಗಳ ಸಂಖ್ಯೆಗೆ ಅನುಗುಣವಾಗಿರುವುದನ್ನು ಚಾಪ್ಮನ್, ಗ್ರೀನ್‌ಬರ್ಗ್, ಸ್ಮಿಟ್ ಎಂಬವರು 1927ರಲ್ಲಿ ತೋರಿಸಿದರು. 1944ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ಕೂಪರ್ ಇದನ್ನೇ ಅಳತೆಯ ಕ್ರಮವನ್ನಾಗಿ ಮಾಡಿದರು: ಗಷ್ಟನ್ನು ತೆಗೆದಮೇಲೆ ದ್ರವದಲ್ಲಿ ಎಷ್ಟು ಬಣ್ಣ ಉಳಿಯಿತೆಂದು ನೋಡಿದರೆ ಹಿಡಿದ ಬಣ್ಣವೆಷ್ಟೆಂಬುದು ತಿಳಿಯುತ್ತದೆ.

ಆದುದರಿಂದ ತಳದಲ್ಲಿರುವುದು ಹೊರಗಿನಿಂದ ಹಾಕಿದ ವರ್ಣಮಾತ್ರವಲ್ಲ, ಎರಡೂ ಕೂಡಿದ ವಸ್ತು. ಅದು ಎಸೆಯಲ್ಪಟ್ಟುದಲ್ಲ, ಇಳಿದುದು. ‘ಅವಕ್ಷೇಪ’ವೆಂಬುದೇ ಇದಕ್ಕೆ ಯುಕ್ತವಾದ ಶಬ್ದ. ಪಾಣಿನಿಯಲ್ಲಿ ಅವಕ್ಷೇಪಣವು ನಿಂದಾರ್ಥಕವೆಂದು ಆಕ್ಷೇಪಿಸಬಹುದು. ಆದರೆ ವೈಶೇಷಿಕರ ಪಂಚಕರ್ಮಗಳಲ್ಲಿ ಉತ್ಕ್ಷೇಪಣಕ್ಕೆ ಎದುರಾಗಿ ನಿಂತ ಅವಕ್ಷೇಪಣವು ಅಧೋಗತಿಗೆ ಕಾರಣವಾದ ಕರ್ಮವೇ ಆಗಿದೆ; ಶಾಸ್ತ್ರಪರಿಭಾಷೆಗೆ ಶಾಸ್ತ್ರದ ಅರ್ಥವೇ ಪ್ರಮಾಣ. ಇಳಿಯುವಿಕೆಗೆ ಕಾರಣವಾದ ಸಂಯೋಗವನ್ನು ಹೇಳಲಾದರೋ ಸಂಸ್ಕೃತವನ್ನು ಹುಡುಕಬೇಕಾದುದಿಲ್ಲ. ಬಣ್ಣಗಾರನು ಆಡುವ ‘ಹಿಡಿಯಿತು’ ಎಂಬ ಮಾತನ್ನು ಪಠ್ಯಕಾರರು ಹಾಗೆಯೇ ತೆಗೆದುಕೊಳ್ಳಬಹುದು.