ಪಟ್ಟಿನ ಬೆನ್ನಿಗೆ ಬಲ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿಯನ್ನು ಕಂಡು ಹುರುಪಿನಿಂದ ತಾಲೀಮಿಗೆ ಬರುವ ಬಾಲಕನು ಮೊದಲು ಬಯಸುವುದು ಉಬ್ಬಿದ ತೋಳನ್ನು. ಅನುಭವಿಯಾದ ವಸ್ತಾದನು ಮೊದಲು ಕಲಿಸುವುದಾದರೋ ಕಾಲಿನ ನಿಲುವನ್ನು. ಈ ವಿವೇಕವೇ ನನಗೆ ಗರಡಿಯ ಪರಮ ಸೌಂದರ್ಯವಾಗಿ ತೋರುತ್ತದೆ.

ಧೋಬಿಪಛಾಡನ್ನೇ ನೋಡಿರಿ. ಎದುರಾಳಿಯ ಕೈಯನ್ನು ಹೆಗಲ ಮೇಲೆ ಸೆಳೆದುಕೊಂಡು, ಅದೇ ಕ್ಷಣದಲ್ಲಿ ಹೊರಳಿ, ತನ್ನ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ತೂರಿಸಿದ ಹೊರತು ಆ ಪಟ್ಟು ಸಿದ್ಧಿಸದು. ನೂರಾರು ಬೈಠಕ್ ಹೊಡೆದು ತೊಡೆ ನಡುಗುತ್ತಿರುವ ಹುಡುಗನು ಸೊಂಟವನ್ನು ಇಳಿಸಲಾರದೆ, ಬರಿಯ ತೋಳಿನಿಂದ ಎಳೆದು, ತಪ್ಪನ್ನೇ ರೂಢಿಮಾಡಿಕೊಳ್ಳುವನು. ಆದುದರಿಂದಲೇ ದೇಹವು ದಣಿಯುವ ಮುನ್ನ ಪಟ್ಟು, ತರುವಾಯ ದಂಡ, ಬೈಠಕ್, ಹಗ್ಗ ಎಂಬ ಕ್ರಮವು ಎಳೆಯರಿಗೆ ಯುಕ್ತವಾದುದು. ಹಾಗೆಂದು ಬಲವು ಉಪೇಕ್ಷಣೀಯವಲ್ಲ: ಕುತ್ತಿಗೆಯೂ ಹಿಡಿತವೂ ಗಟ್ಟಿಯಾಗದಿದ್ದರೆ ಚೆನ್ನಾಗಿ ಬಲ್ಲ ಪಟ್ಟೂ ಕುಸ್ತಿಯ ಕೊನೆಯಲ್ಲಿ ಸಡಿಲುವುದು.

ಆಳಂದಕ್ಕೆ ದೂರವಲ್ಲದ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ವ್ಯಾಯಾಮವನ್ನೂ ಆಹಾರವನ್ನೂ ನಿರೂಪಿಸಿದ್ದಾನೆ. (ಬೇಳೆ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕೆಂಬ ಮಾತು ಇಂದಿನ ಬಡ ಪೈಲವಾನರ ತಾಯ್ತಂದೆಗಳಿಗೆ ಅಸೂಯೆ ತಂದೀತು!) ಬೆಳೆಯುವ ಮೈಗೂ ಬೆಳೆದ ಮೈಗೂ ಒಂದೇ ಸಾಧನೆ ಸಲ್ಲದೆಂಬುದನ್ನು ಅಂದೇ ಅರಿತಿದ್ದರೆನ್ನಬೇಕು.

ತಾಲೀಮಿನ ಹಿರಿಯರೇ, 12 ವರ್ಷದ ಹುಡುಗನ ಹೆಗಲಿಗೆ ಗದೆ ಏರಿಸುವ ಆತುರ ಬೇಡ. ಅವನ ಮೈಭಾರವೇ ಸದ್ಯಕ್ಕೆ ಸಾಕು.