ಬಾಯ್ಬಿಟ್ಟು ಆಲೋಚಿಸುವ ಪರೀಕ್ಷೆ

ಉಪಕರಣವನ್ನಾಗಲಿ ಗಣಕದ ತಂತ್ರಾಂಶವನ್ನಾಗಲಿ ನಿರ್ಮಿಸಿದವನು ಅದರ ಸೌಲಭ್ಯಕ್ಕೆ ತಾನೇ ಸಾಕ್ಷಿಯಾಗಲಾರನೆಂಬ ತಿಳಿವಿನಿಂದ ಹುಟ್ಟಿದ ಪರೀಕ್ಷಾಕ್ರಮಗಳಲ್ಲಿ ಅತ್ಯಂತ ಸರಳವಾದುದೆಂದರೆ, ಬಳಸುವವನನ್ನು ಅದರ ಮುಂದೆ ಕುಳ್ಳಿರಿಸಿ, ಕೆಲಸವೊಂದನ್ನೊಪ್ಪಿಸಿ, ಮನಸ್ಸಿನಲ್ಲಿ ಮೂಡಿದುದನ್ನು ಮೂಡಿದಂತೆಯೇ ಆಡುತ್ತಿರೆಂದು ಕೇಳಿಕೊಳ್ಳುವ ವಿಧಾನ. ಐಬಿಎಂ ಸಂಸ್ಥೆಯ ಕ್ಲೇಟನ್ ಲೂಯಿಸ್ 1982ರಲ್ಲಿ ಇದನ್ನು ಗಣಕವಿನ್ಯಾಸಕ್ಕೆ ಅಳವಡಿಸಿದರು. ಇದರ ತಾತ್ತ್ವಿಕ ತಳಹದಿಯನ್ನು ಮನಶ್ಶಾಸ್ತ್ರಜ್ಞರಾದ ಎರಿಕ್ಸನ್ ಮತ್ತು ಸೈಮನ್ ರಚಿಸಿದ್ದರು. ಅವರ ನಿಯಮ ಕಠಿನವಾದುದು: ಪರೀಕ್ಷಿತನು ಮೌನಿಯಾದರೆ ಮಾತಾಡುತ್ತಿರೆಂದು ಜ್ಞಾಪಿಸಬಹುದೇ ಹೊರತು, ಏಕೆ ಹಾಗೆ ಮಾಡಿದಿರೆಂದು ಪ್ರಶ್ನಿಸಕೂಡದು, ಪ್ರಶ್ನಿಸಿದೊಡನೆ ಅವನು ಆಲೋಚನೆಯನ್ನು ತೊರೆದು ಸಮರ್ಥನೆಗೆ ತೊಡಗುವನು. ಪರೀಕ್ಷಾಗೃಹಗಳಲ್ಲಿ ಈ ಸಂಯಮ ಅಪರೂಪವೆಂದೇ ಹೇಳಬೇಕು.

ಎಷ್ಟು ಮಂದಿಯನ್ನು ಕುಳ್ಳಿರಿಸಬೇಕೆಂಬ ಪ್ರಶ್ನೆಗೆ ದೊರೆತ ಉತ್ತರವಂತೂ ಈ ಕ್ಷೇತ್ರದ ದೊಡ್ಡ ಮೂಢನಂಬಿಕೆಯಾಗಿ ಬೆಳೆಯಿತು. ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡಾ 31ರಷ್ಟು ದೋಷಗಳು ಬಯಲಾಗುವುವೆಂದು ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಲೆಕ್ಕಹಾಕಿದರು. ಐವರಿದ್ದರೆ ಶೇಕಡಾ 85 ಎಂಬ ನಿರ್ಣಯ ಅದರಿಂದ ಹೊರಟಿತು. ಆದರೆ ಸರಾಸರಿಯೆಂಬುದು ಏರಿಳಿತಗಳನ್ನು ಮರೆಮಾಡುವ ಸಂಖ್ಯೆ. ಸಂಶೋಧಕಿ ಲಾರಾ ಫಾಕ್ನರ್ 60 ಮಂದಿಯನ್ನು ಪರೀಕ್ಷಿಸಿ, ಅವರಿಂದ ಯಾದೃಚ್ಛಿಕವಾಗಿ ಐದೈದು ಜನರನ್ನು ಆಯ್ದು ನೋಡಿದಾಗ, ಒಂದು ಗುಂಪು ಶೇಕಡಾ 99 ದೋಷಗಳನ್ನು ಕಂಡರೆ ಇನ್ನೊಂದು ಕೇವಲ 55ನ್ನು ಕಂಡಿತು. ಇದು 2003ರ ಮಾತು. ನೀಲ್ಸನ್ನರಿಗೆ ಅನ್ಯಾಯವಾಗಬಾರದು: ಐವರನ್ನು ಪರೀಕ್ಷಿಸಿ, ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯಿರೆಂಬುದೇ ಅವರ ಉಪದೇಶ. ವೆಚ್ಚಕ್ಕೆ ಅಂಜುವವರು ಅದರ ಪೂರ್ವಾರ್ಧವನ್ನು ಮಾತ್ರ ಕಂಠಪಾಠ ಮಾಡಿದರು.

ನೋಡುವವರ ಕಣ್ಣೂ ಒಂದೇ ಬಗೆಯದಲ್ಲ. ಇದೇ ಕ್ಷೇತ್ರದ ರಾಲ್ಫ್ ಮೋಲಿಕ್ ಒಂಬತ್ತು ತಂಡಗಳಿಂದ ಹಾಟ್‌ಮೇಲ್ ಎಂಬ ಇ-ಅಂಚೆ ಸೇವೆಯನ್ನು ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿದಾಗ ದೊರೆತ 310 ದೋಷಗಳಲ್ಲಿ ಮುಕ್ಕಾಲು ಪಾಲು ಒಂದೊಂದೇ ತಂಡಕ್ಕೆ ಗೋಚರಿಸಿದ್ದವು.

ಭಾರತದಲ್ಲಿ ಇನ್ನೊಂದು ತೊಡಕುಂಟು. ಎದುರಿಗೆ ಕುಳಿತವರ ವಸ್ತುವನ್ನು ಹಳಿಯುವುದು ನಮ್ಮವರಿಗೆ ಅವಿನಯವೆನಿಸುತ್ತದೆ. ತಡವರಿಸಿದವರೂ ‘ಚೆನ್ನಾಗಿದೆ’ ಎಂದೇ ನುಡಿಯುವರು. ಇದಕ್ಕೆ ವಿನ್ಯಾಸತಜ್ಞೆ ಅಪಲಾ ಚವಾಣ್ ಹುಡುಕಿದ ಉಪಾಯ ಹಿಂದೀ ಚಲಚ್ಚಿತ್ರದಿಂದ ಬಂದುದು, ಪರೀಕ್ಷಿತನನ್ನು ಇಂಥ ಕಥೆಯೊಂದರ ಪಾತ್ರವಾಗಿಸುವಂಥದು: ಅವನ ಮನೆಯ ಮುಗ್ಧ ಹುಡುಗಿಯ ಮದುವೆ ನಿಶ್ಚಯವಾಗಿದೆ; ವರನು ಭೂಗತಲೋಕದ ಹಂತಕನೆಂದೂ ವಿವಾಹಿತನೆಂದೂ ಈಗ ತಿಳಿದಿದೆ; ಪರೀಕ್ಷಿತನು ತನಗೂ ವರನ ಹೆಂಡತಿಗೂ ಒಡನೆಯೇ ಬೆಂಗಳೂರಿಗೆ ವಿಮಾನದ ಟಿಕೆಟ್ಟು ಕಾದಿರಿಸಬೇಕು! ನಗೆ ಬರುವುದು ಸಹಜ. ಆದರೂ ಕಥೆಯ ಆವೇಗದಲ್ಲಿ ದಾಕ್ಷಿಣ್ಯ ಕಳಚಿ ನಿಜವಾದ ಬೈಗುಳ ಹೊರಬೀಳುವುದೆಂಬ ಒಳನೋಟ ಜಾಣತನದ್ದು. ಆ ಆವೇಗವೇ ನಿತ್ಯದ ಬಳಕೆಯಲ್ಲಿಲ್ಲದ ಅವಸರವನ್ನು ತಂದೀತೆಂಬ ಆಕ್ಷೇಪವೂ ನನ್ನಲ್ಲುಂಟು.

ಇಷ್ಟಾಗಿಯೂ ಈ ವಿಧಾನವನ್ನು ತ್ಯಜಿಸುವ ಕಾರಣ ನನಗೆ ಕಾಣದು. ದೋಷಗಳನ್ನು ಹುಡುಕಲು ಇದು ಉತ್ತಮ ಸಾಧನ; ನಿರ್ದೋಷವೆಂಬ ಪ್ರಮಾಣಪತ್ರ ನೀಡಲು ಸರ್ವಥಾ ಅಯೋಗ್ಯ.